ಕೂಗು ಮುಟ್ಟುವಷ್ಟು ದೂರ

ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಲೂಟರ್ ಸರೋವರದ ದಡದ ಮರದ ಮನೆಯಲ್ಲಿ ಸಂಜೆಯ ಕೆಲಸ ಒಂದೇ ಕ್ರಮದಲ್ಲಿ ಮುಗಿಯುತ್ತಿತ್ತು. ಹಾಲು ಕರೆದಾದ ಮೇಲೆ ಬಾಲ್ಜ್ ಕೊಟ್ಟಿಗೆ ಬಳಿಯುತ್ತಿದ್ದ. ಅವನ ತಂಗಿ ಸೆಫಿ ತಾಮ್ರದ ಕೊಪ್ಪರಿಗೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು, ಬೆಳಗಿನ ಚೀಸನ್ನು ಅಚ್ಚಿನಲ್ಲಿ ಮಗುಚಿಟ್ಟು, ಒಂದು ತುಂಡು ರೊಟ್ಟಿಯನ್ನು ಜೇಬಿಗೆ ಹಾಕಿಕೊಂಡು ಮೊಳೆ ಹೊಡೆದ ಬೂಟು ಕಟ್ಟುತ್ತಿದ್ದಳು.

"ಇವತ್ತು ಯಾವ ಶಿಖರ?" ಎಂದು ಬಾಲ್ಜ್ ಕೊಟ್ಟಿಗೆಯ ಒಳಗಿನಿಂದಲೇ ಕೇಳುತ್ತಿದ್ದ.

"ಮುದುಕಿಹಲ್ಲು."

"ಮೋಡ ಕಟ್ಟಿದೆ."

"ಮೋಡ ಇದ್ರೆ ಇನ್ನೂ ಚೆನ್ನಾಗಿ ಕೇಳ್ಸುತ್ತೆ."

ಅವಳು ಹೊರಡುತ್ತಿದ್ದಳು. ಬಿಸಿಲು ಇನ್ನೂ ನೀರಿನ ಮೇಲೆ ಇರುತ್ತಿತ್ತು. ಅವಳು ಶಿಖರ ಮುಟ್ಟುವ ಹೊತ್ತಿಗೆ ಬಿಸಿಲು ನೀರನ್ನು ಬಿಟ್ಟು, ಹುಲ್ಲನ್ನು ಬಿಟ್ಟು, ಅವಳ ಕಾಲ ಬಳಿಯ ಬಂಡೆಗಳಲ್ಲಿ ಮಾತ್ರ ಉಳಿದಿರುತ್ತಿತ್ತು. ಆಗ ಕೆಳಗೆ ಬಾಲ್ಜ್ ಗೂಟದಿಂದ ಮರದ ಆಲಿಕೆಯನ್ನು ತೆಗೆದುಕೊಂಡು ಮನೆಯ ಹಿಂದಿನ ದಿಬ್ಬದ ಶಿಲುಬೆಯ ಬಳಿ ಬಂದು ನಿಲ್ಲುತ್ತಿದ್ದ. ಅದು ಹಾಲು ಸೋಸುವ ಆಲಿಕೆಯೇ, ಗಾತ್ರದಲ್ಲಿ ದೊಡ್ಡದು. ಅದರ ಕಿರಿಯ ಬಾಯಿಗೆ ತುಟಿ ಹಚ್ಚಿ ಅವನು ನಾಲ್ಕು ದಿಕ್ಕಿಗೂ ತಿರುಗಿ ಪ್ರಾರ್ಥನೆಯನ್ನು ಕೂಗುತ್ತಿದ್ದ. ಅದು ಹಾಡಲ್ಲ, ಮಾತೂ ಅಲ್ಲ. ಒಂದೇ ಸ್ವರದಲ್ಲಿ ಹೊರಟು ಪ್ರತಿ ಸಾಲಿನ ಕೊನೆಯಲ್ಲಿ ಮೆಲ್ಲಗೆ ಕೆಳಗಿಳಿಯುವ ಕೂಗು. ಈ ಬೆಟ್ಟದ ಮೇಲೆ ಉಸಿರಾಡುವುದನ್ನೆಲ್ಲ ಕಾಯಿ ಎಂದು ಮಾತೆ ಮರಿಯಾಳನ್ನು ಕೇಳಿಕೊಂಡು, ದನಗಾಹಿಗಳ ಸಂತ ವೆಂಡೆಲಿನನ ಹೆಸರು ಹೇಳಿ, ಕಲ್ಲುರುಳುವುದರಿಂದ, ಸಿಡಿಲಿನಿಂದ, ಕಾಲು ಜಾರುವುದರಿಂದ ಕಾಪಾಡು ಎಂದು ಮುಗಿಸುವುದು. ಆ ಕೂಗು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗೆ ಆ ರಾತ್ರಿ ದನಕ್ಕೂ ಜನಕ್ಕೂ ಕೇಡಿಲ್ಲ ಎಂದು ಆ ಕಣಿವೆಯವರ ನಂಬಿಕೆ. ಅದನ್ನು ಕೂಗದೆ ಅಲ್ಲಿ ಯಾರೂ ಮಲಗುತ್ತಿರಲಿಲ್ಲ.

ಸೆಫಿ ಶಿಖರ ಹತ್ತುತ್ತಿದ್ದುದು ಅದನ್ನು ಕೇಳುವುದಕ್ಕೆ.

ಸರೋವರದ ಸುತ್ತ ನಾಲ್ಕು ಶಿಖರಗಳು: ಹುಲ್ಲುಬೆನ್ನು, ಮುದುಕಿಹಲ್ಲು, ಅಡ್ಡಗೋಡೆ, ಕೆಂಪುಕೋಡು. ಅವುಗಳ ಮೇಲೆ ಸೆಫಿ ಹತ್ತಿದಷ್ಟು ಸಲ ಬೇರೆ ಯಾರೂ ಹತ್ತಿಲ್ಲ. ಬೇಟೆಗೆ ಹೋಗುವವರು ಕಾಡುಮೇಕೆ ಇರುವಲ್ಲಿಗೆ ಹೋಗಿ ಬರುತ್ತಿದ್ದರು. ಪಟ್ಟಣದಿಂದ ಹಗ್ಗ ತಂದವರು ತುದಿ ಮುಟ್ಟಿ, ಕೈಕುಲುಕಿ, ಇಳಿಯುತ್ತಿದ್ದರು. ಸೆಫಿಗೆ ತುದಿಯ ಮೇಲೆ ವಿಶೇಷ ಮೋಹವಿರಲಿಲ್ಲ. ತುದಿಯ ಆಚೆ ಈಚೆ ಕಿವಿಗೊಟ್ಟು ನಿಲ್ಲುವ ಜಾಗ ಅವಳಿಗೆ ಬೇಕಾಗಿತ್ತು. ಅದಕ್ಕಾಗಿ ಅವಳು ಬೇರೆ ಯಾರೂ ಕಾಲಿಡದ ಮೂಲೆಗಳನ್ನೆಲ್ಲ ಹೊಕ್ಕು ಬಂದಿದ್ದಳು.

ಇದು ಶುರುವಾದದ್ದು ಅವಳು ಇನ್ನೂ ಎರಡು ಜಡೆಯ ಹುಡುಗಿಯಾಗಿದ್ದಾಗ. ಆಗ ಕೂಗುತ್ತಿದ್ದವನು ಅವಳ ಅಪ್ಪ. ಒಂದು ಬೇಸಿಗೆಯಲ್ಲಿ ಗೆಮ್ಸಿ ಎಂಬ ಕಡಸು ಕೆಂಪುಕೋಡಿನ ಹಿಂದಿನ ಕೊರಕಲಿಗೆ ಬಿದ್ದು ಸತ್ತಿತು. ಸೆಫಿ ಅದಕ್ಕೆ ಕೈಯಿಂದ ಉಪ್ಪು ನೆಕ್ಕಿಸಿ ಬೆಳೆಸಿದ್ದಳು. ಹಿಂಡಿನಲ್ಲಿ ಒಂದು ಸತ್ತರೂ ಆ ವರ್ಷ ಶರತ್ಕಾಲದಲ್ಲಿ ಹಸುಗಳು ಊರಿಗೆ ಇಳಿಯುವಾಗ ತಲೆಗೆ ಹೂವು ಕಟ್ಟುವುದಿಲ್ಲ. ಹೂವಿಲ್ಲದ ಹಿಂಡು ಊರಬೀದಿಯಲ್ಲಿ ಹೋಗುವಾಗ ಜನ ಕಿಟಕಿಯಿಂದ ನೋಡಿ ಸುಮ್ಮನೆ ಒಳಗೆ ಹೋದರು. ಆ ರಾತ್ರಿ ಸೆಫಿ ಕೇಳಿದಳು:

"ಅಪ್ಪ, ಅವತ್ತು ನೀವು ಕೂಗಿದ್ರಿ ತಾನೇ?"

"ಕೂಗಿದ್ದೆ."

"ಹಾಗಾದ್ರೆ ಗೆಮ್ಸಿಗೆ ಕೇಳ್ಸಿಲ್ವಾ?"

ಅಪ್ಪ ಪೈಪಿನ ಬೂದಿ ಕೊಡವುತ್ತ ಕೂತಿದ್ದ. "ಎಲ್ಲೀವರ್ಗೆ ಹೋಗುತ್ತೋ ನಂಗೇನು ಗೊತ್ತಮ್ಮ. ನಾನು ಇಲ್ಲಿ ನಿಂತು ಕೂಗೋನು. ಅಲ್ಲಿ ನಿಂತು ಕೇಳಿದೋನಲ್ಲ."

ಮುಂದಿನ ಬೇಸಿಗೆ ಸೆಫಿ ಅಲ್ಲಿ ನಿಂತು ಕೇಳಲು ಹೊರಟಳು. ಮೊದಲು ಹುಲ್ಲುಬೆನ್ನು. ಅದು ಮನೆಗೆ ಹತ್ತಿರ, ಹೆಸರಿಗೆ ತಕ್ಕಂತೆ ತುದಿಯವರೆಗೂ ಹುಲ್ಲು. ಅಷ್ಟು ಹತ್ತಿರ ಕೇಳಿಸದೆ ಇರುತ್ತದೆಯೇ ಎಂದುಕೊಂಡು ನೆತ್ತಿಯ ಹಿಂದಿನ ಒಂದು ತಗ್ಗಿನಲ್ಲಿ ಗಾಳಿಗೆ ಮರೆಯಾಗಿ ಕೂತಳು. ಕತ್ತಲಾಗುವವರೆಗೂ ಕೂತಳು. ಒಂದು ಸದ್ದೂ ಬರಲಿಲ್ಲ. ಅಪ್ಪ ಮರೆತನೇ ಎಂದು ಹೆದರಿ ಓಡೋಡಿ ಇಳಿದರೆ ಅಪ್ಪ ಕೂಗಿ ಮುಗಿಸಿ, ಊಟ ಮಾಡಿ, ಬೂಟು ಬಿಚ್ಚುತ್ತಿದ್ದ. ಇನ್ನೊಂದು ಸಂಜೆ ಮುದುಕಿಹಲ್ಲಿಗೆ ಹೋದಳು. ಅದು ಸರೋವರದ ಆಚೆ ದಡದಲ್ಲಿ ಒಂಟಿಯಾಗಿ ಎದ್ದ ಬಿಳಿ ಬಂಡೆ. ಕೊನೆಯ ಏರಿನಲ್ಲಿ ಬೂಟಿನ ಮೊಳೆ ಜಾರುತ್ತದೆಂದು ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲೇ ಹತ್ತಿದಳು. ಮನೆ ಅಲ್ಲಿಂದ ಕಡ್ಡಿಪೆಟ್ಟಿಗೆಯಷ್ಟು ಚಿಕ್ಕದು. ಅಷ್ಟು ದೂರದಿಂದ ಅಪ್ಪನ ಧ್ವನಿ ನೀರಿನ ಮೇಲೆ ಜಾರಿಕೊಂಡು ಬಂದು ಅವಳ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸಿತು. ಅವನು ನಡುವೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅಡ್ಡಗೋಡೆಯ ಮೇಲೆ ಮತ್ತೂ ವಿಚಿತ್ರ. ಅಲ್ಲಿ ಕೂಗು ಎದುರಿನ ಬಂಡೆಗೆ ಬಡಿದು ಬರುವುದರಿಂದ, ಅಪ್ಪ ಬೆನ್ನ ಹಿಂದೆ ನಿಂತು ಕೂಗಿದ ಹಾಗಾಯಿತು. ಅವಳು ತಿರುಗಿ ನೋಡಿದಳು. ಹಿಂದೆ ಬಾಗುಕೊಂಬಿನ ಕಾಡುಮೇಕೆಯೊಂದು ಮೆಲುಕು ಹಾಕುತ್ತ ಅದನ್ನೇ ಕೇಳುತ್ತಿತ್ತು.

ಹತ್ತಿರ ಇರುವುದಕ್ಕೂ ಕೇಳಿಸುವುದಕ್ಕೂ ಸಂಬಂಧವಿಲ್ಲ ಎಂದು ಅವಳಿಗೆ ತಿಳಿಯಿತು. ಅಲ್ಲಿಂದ ಅವಳ ಕೆಲಸ ಬೆಳೆಯಿತು. ಒಂದು ಶಿಖರದಲ್ಲಿ ಒಂದು ಸಂಜೆಗೆ ಒಂದೇ ಜಾಗ ನೋಡಲು ಆಗುತ್ತಿತ್ತು. ಕೂಗುವುದು ದಿನಕ್ಕೆ ಒಂದೇ ಸಲ ತಾನೇ. ನಿನ್ನೆ ಕೇಳಿಸಿದ ಬಂಡೆಯಿಂದ ಇವತ್ತು ಸ್ವಲ್ಪ ಮುಂದೆ ಹೋಗಿ ನಿಲ್ಲುವುದು. ಕೇಳಿಸಿದರೆ ನಾಳೆ ಇನ್ನೂ ಮುಂದೆ. ಕೇಳಿಸದಿದ್ದರೆ ಹಿಂದಕ್ಕೆ. ದಕ್ಷಿಣದ ಬಿಸಿಗಾಳಿ ಬೀಸುವ ದಿನ ಕೂಗು ಆಚೆ ಕಣಿವೆಗೆ ಹಾರಿಹೋಗುತ್ತಿತ್ತು, ಆ ದಿನದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೊನೆಯ ಪದ ಇನ್ನೇನು ಅಳಿಸಿಹೋಗುತ್ತದೆ ಎನ್ನುವಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನೆತ್ತಿಗೆ ತೊರೆಯಿಂದ ಹೊತ್ತು ತಂದ ಬಿಳಿಗಲ್ಲೊಂದನ್ನು ಇಡುತ್ತಿದ್ದಳು. ಬೇಸಿಗೆಯ ಮೇಲೆ ಬೇಸಿಗೆ ಕಳೆದು ಸರೋವರದ ಸುತ್ತ ಬಿಳಿಗಲ್ಲುಗಳ ಒಂದು ಬೇಲಿಯೇ ಎದ್ದಿತು. ಹಸುಗಳನ್ನು ಸಂಜೆಗೆ ಅದರ ಒಳಗೆ ತರುವುದು ಮನೆಯ ರೂಢಿಯಾಯಿತು. ಗೆಮ್ಸಿ ಬಿದ್ದ ಕೊರಕಲು ಬಿಳಿಗಲ್ಲಿನ ಆಚೆಗೇ ಇತ್ತು. ಅದು ಖಚಿತವಾದ ದಿನ ಅವಳು ಅಪ್ಪನಿಗೆ ಹೇಳಿದಳು. ಅಪ್ಪ ಪೈಪನ್ನು ಬಾಯಿಂದ ತೆಗೆದ. ಆಮೇಲೆ, "ನಾನು ಕೂಗಿದ್ದು ಸುಳ್ಳಾಗಲಿಲ್ಲ, ಹಾಗಾದ್ರೆ," ಎಂದ. ಆ ವರ್ಷವೆಲ್ಲ ಅವನ ಮುಖ ಹಗುರಾಗಿತ್ತು.

ಎದುರು ದಡದ ಮೆಲ್ಕ್ ಚಿಕ್ಕಂದಿನಿಂದ ಅವಳನ್ನು ರೇಗಿಸುತ್ತ ಬಂದವನು. ಅವನ ಕುಟುಂಬದ ಹಸುಗಳೂ ಅಲ್ಲೇ ಮೇಯುತ್ತಿದ್ದವು. "ಏನೇ ಸೆಫಿ, ದೇವರ ಕೈ ಎಷ್ಟು ಉದ್ದ ಅಂತ ಅಳೆದು ಮುಗೀತಾ?" ಎನ್ನುತ್ತಿದ್ದ. ಆದರೆ ಅವನ ಹಸುಗಳೂ ಸಂಜೆಗೆ ಬಿಳಿಗಲ್ಲಿನ ಒಳಗೇ ಇರುತ್ತಿದ್ದವು.

ಅವಳನ್ನು ಮದುವೆಯಾಗಲು ಒಬ್ಬ ಬಂದಿದ್ದ, ಕಣಿವೆಯ ಮರ ಕೊಯ್ಯುವ ಕಾರ್ಖಾನೆಯ ಮಾಲೀಕನ ಮಗ. ಒಳ್ಳೆಯವನು, ನಗುಮುಖದವನು. ಒಂದು ಸಂಜೆ ಸೆಫಿ ಅವನನ್ನು ಅಡ್ಡಗೋಡೆಗೆ ಕರೆದುಕೊಂಡು ಹೋದಳು. ಕೆಳಗೆ ಸರೋವರ ಹಸಿರಿನಿಂದ ನೀಲಿಗೆ, ನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು. ಶಿಖರದ ಹಿಮದ ಪಟ್ಟಿ ಗುಲಾಬಿಯಾಯಿತು. ಕೂಗು ಶುರುವಾಯಿತು. ಅವನು ಹೊಸ ಗರಗಸ ಯಂತ್ರ ಎಷ್ಟು ವೇಗವಾಗಿ ಮರ ಸೀಳುತ್ತದೆ ಎಂದು ಹೇಳುತ್ತಿದ್ದವನು ಹೇಳುತ್ತಲೇ ಇದ್ದ. ಇಳಿದು ಬಂದ ಸೆಫಿ ಅಮ್ಮನಿಗೆ, "ಅವನು ಬೇಡ," ಎಂದಳು. ಕಾರಣ ಕೇಳಿದ್ದಕ್ಕೆ, "ನಿಲ್ಲಿಸಲ್ಲ," ಎಂದಳು ಅಷ್ಟೇ. ಅದಾದ ಮೇಲೆ ಬೇರೆಯವರೂ ಬಂದರು, ಹೋದರು. ಅವಳು ಚಳಿಗಾಲದಲ್ಲಿ ಊರಿನ ಹೋಟೆಲಿನ ಅಡುಗೆಮನೆಯಲ್ಲಿ ದುಡಿದಳು, ಬೇಸಿಗೆಯಲ್ಲಿ ಬೆಟ್ಟಕ್ಕೆ ಬಂದು ಚೀಸ್ ಕಾಸಿದಳು. ಅವಳ ಚೀಸ್ ಇಡೀ ಕಣಿವೆಯಲ್ಲಿ ಹೆಸರಾಗಿತ್ತು. ಆದರೆ ಅದನ್ನು ಹೊಗಳಿದರೆ ಅವಳಿಗೆ ಅಂಥ ಖುಷಿಯೇನೂ ಆಗುತ್ತಿರಲಿಲ್ಲ. ಯಾರಾದರೂ ಬಿಳಿಗಲ್ಲಿನ ಬಳಿ ನಿಂತು ಕೇಳಿ ಬಂದೆವು ಎಂದರೆ ಮಾತ್ರ ಕೆನ್ನೆ ಕೆಂಪಾಗುತ್ತಿತ್ತು.

ಅಪ್ಪ ಹೋದ ಮೇಲೆ ಆಲಿಕೆ ಬಾಲ್ಜ್‌ನ ಕೈಗೆ ಬಂತು. ಬಾಲ್ಜ್ ಮದುವೆಯಾಗದ, ಹೆಚ್ಚು ಮಾತಿಲ್ಲದ ಮನುಷ್ಯ. ದಿನವಿಡೀ ಆಡದ ಮಾತನ್ನೆಲ್ಲ ಕೂಡಿಟ್ಟುಕೊಂಡು ಸಂಜೆ ಒಂದೇ ಸಲ ಕೂಗುತ್ತಾನೆ ಎಂದು ಮೆಲ್ಕ್ ಹೇಳುತ್ತಿದ್ದ. ಅವನ ಧ್ವನಿ ಅಪ್ಪನದಕ್ಕಿಂತ ತುಂಬಿದ್ದು. ಬಿಳಿಗಲ್ಲುಗಳೆಲ್ಲವನ್ನೂ ಸುಲಭವಾಗಿ ಮುಟ್ಟುತ್ತಿತ್ತು. ಸೆಫಿ ಇಳಿದು ಬಂದು ಬಾಗಿಲಲ್ಲಿ ಬೂಟಿನ ಮಣ್ಣು ಒದರುವಾಗ ಅವನು ಒಲೆಯ ಮುಂದಿನಿಂದ ಒಂದೇ ಮಾತು ಕೇಳುತ್ತಿದ್ದ.

"ಕೇಳಿಸ್ತಾ?"

"ಕೇಳಿಸ್ತು."

ಆ ಮೇಲೆ ಇಬ್ಬರೂ ಒಂದೇ ಬಾಣಲೆಯಿಂದ ಆಲೂಗಡ್ಡೆ, ಮ್ಯಾಕರೋನಿ, ಚೀಸ್ ಕೂಡಿಸಿ ಬೇಯಿಸಿದ್ದನ್ನು ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಿದ್ದರು. ಆ ಪ್ರಶ್ನೆ, ಆ ಉತ್ತರ, ಆ ಊಟ, ಇವುಗಳಲ್ಲಿ ಅವರ ವಯಸ್ಸು ಕಳೆಯಿತು. ಸೆಫಿಯ ಕೂದಲು ಬೆಳ್ಳಗಾಯಿತು. ಬಾಲ್ಜ್‌ನ ಮೀಸೆ ಅದಕ್ಕೂ ಮೊದಲೇ ಬೆಳ್ಳಗಾಗಿತ್ತು.

ಒಂದು ಚಳಿಗಾಲದಲ್ಲಿ ಬಾಲ್ಜ್ ಎದೆಯಲ್ಲಿ ಕಫ ಕಟ್ಟಿ ಬಹಳ ದಿನ ಮಲಗಿದ. ಬೇಸಿಗೆ ಬಂತು, ಎದ್ದ, ಹಸುಗಳ ಜೊತೆ ಬೆಟ್ಟಕ್ಕೂ ಬಂದ. ಮೊದಲಿನ ಹಾಗೆಯೇ ಹಾಲು ಕರೆದ, ಮೊದಲಿನ ಹಾಗೆಯೇ ಆಲಿಕೆ ಎತ್ತಿಕೊಂಡ. ಸೆಫಿ ಆ ಸಂಜೆ ಕೆಂಪುಕೋಡಿನ ಬಿಳಿಗಲ್ಲಿನ ಬಳಿ ನಿಂತಿದ್ದಳು. ಕೆಳಗೆ ಶಿಲುಬೆಯ ಬಳಿ ಅವನ ಬಿಳಿ ಅಂಗಿ ಕಾಣುತ್ತಿತ್ತು. ಅಂಗಿ ಒಂದು ದಿಕ್ಕಿಗೆ ತಿರುಗಿತು, ಇನ್ನೊಂದು ದಿಕ್ಕಿಗೆ ತಿರುಗಿತು. ಸದ್ದಿಲ್ಲ. ಮಾರ್ಮಟ್ ಎಂಬ ದಪ್ಪ ಬೆಟ್ಟದಳಿಲೊಂದು ಬಿಲದ ಬಾಯಲ್ಲಿ ಸಿಳ್ಳೆ ಹಾಕಿತು, ಅದು ಕೇಳಿಸಿತು. ದೂರದ ತೊರೆ ಕೇಳಿಸಿತು. ಬಾಲ್ಜ್ ಕೇಳಿಸಲಿಲ್ಲ.

ಗಾಳಿ ಇರಬೇಕು ಎಂದುಕೊಂಡಳು. ಹುಲ್ಲಿನ ಒಂದು ಎಳೆಯೂ ಅಲುಗುತ್ತಿರಲಿಲ್ಲ.

"ಕೇಳಿಸ್ತಾ?" ಎಂದ ಬಾಲ್ಜ್, ಒಲೆಯ ಮುಂದಿನಿಂದ.

ಸೆಫಿ ಎಂದೂ ಸುಳ್ಳು ಹೇಳಿದವಳಲ್ಲ. ಅಂಥದ್ದಕ್ಕೆ ಅವಳ ಬದುಕಿನಲ್ಲಿ ಅವಕಾಶವೂ ಕಡಿಮೆ ಇತ್ತು. ಆದರೆ ಅವನ ಬೆನ್ನು ಅವಳಿಗೆ ಕಾಣುತ್ತಿತ್ತು. ಕಾಯಿಲೆಯಿಂದ ಅಂಗಿಯ ಒಳಗೆ ಬೆನ್ನು ಸಣ್ಣಗಾಗಿತ್ತು. ಕೊರಳ ಹಿಂದಿನ ಎರಡು ನರ ಹಗ್ಗದ ಹಾಗೆ ಎದ್ದಿದ್ದವು.

"ಕೇಳಿಸ್ತು," ಎಂದಳು.

ಮರುದಿನದಿಂದ ಅವಳು ಯಾರಿಗೂ ತಿಳಿಯದಂತೆ ಒಂದು ಕೆಲಸ ಮಾಡಿದಳು. ಯಾವ ಶಿಖರದಲ್ಲಿ ಅವನ ಧ್ವನಿ ಈಗ ಎಲ್ಲಿಯವರೆಗೆ ಬರುತ್ತದೆ ಎಂದು ಮತ್ತೆ ನೋಡುತ್ತ ಬಂದಳು. ಮುದುಕಿಹಲ್ಲಿಗೆ ಬರುತ್ತಿರಲಿಲ್ಲ. ಅಡ್ಡಗೋಡೆಯಲ್ಲಿ ಒಂದು ನೂಲಿನಷ್ಟು ಬರುತ್ತಿತ್ತು. ಕಲ್ಲುಗಳನ್ನು ಮುಟ್ಟಲಿಲ್ಲ. ಕಲ್ಲು ಸರಿಸಿದರೆ ಬಾಲ್ಜ್ ನೋಡಿದ ಕೂಡಲೇ ತಿಳಿಯುತ್ತಾನೆ. ಅದರ ಬದಲು ಸಂಜೆಯಾಗುತ್ತಲೇ ಹಸುಗಳನ್ನು ಮನೆಯ ಹತ್ತಿರ ಹತ್ತಿರಕ್ಕೆ ಹೊಡೆದುಕೊಂಡು ಬಂದಳು. ಹಸುಗಳು ಒಂದೇ ಕಡೆ ಮೇದು ಮೇದು ದಡದ ಹುಲ್ಲು ಬೋಳಾಯಿತು. ಆ ವರ್ಷ ಮಳೆಯೂ ಕಡಿಮೆ.

ಒಂದು ಭಾನುವಾರ ಮೆಲ್ಕ್ ದೋಣಿಯಲ್ಲಿ ಬಂದ. ಹಣ್ಣಿನ ಸಾರಾಯಿ ಬೆರೆಸಿದ ಕಾಫಿ ಕುಡಿಯುತ್ತ, "ನಿನ್ನ ಕೂಗು ನಮ್ಮ ದಡಕ್ಕೆ ಬರೋದೇ ಇಲ್ವಲ್ಲೋ ಬಾಲ್ಜ್. ನನ್ನ ಹಸುಗಳು ನಿದ್ದೆಗೆಟ್ಟು ಒಂದನ್ನೊಂದು ನೋಡ್ತಾ ನಿಂತಿರ್ತಾವೆ," ಎಂದ.

ಸೆಫಿಯ ಕೈಯಲ್ಲಿದ್ದ ಕಾಫಿಪಾತ್ರೆ ಗಾಳಿಯಲ್ಲೇ ನಿಂತಿತು.

ಬಾಲ್ಜ್ ಕಣ್ಣೆತ್ತದೆ, "ನಿನ್ನ ಕಿವಿ ತೊಳಿಸ್ಕೋ," ಎಂದ. "ಸೆಫಿಗೆ ಕೆಂಪುಕೋಡಲ್ಲೇ ಕೇಳ್ಸುತ್ತೆ. ಅಲ್ವೇನೇ?"

"ಹೂಂ," ಎಂದಳು ಸೆಫಿ.

"ಹಾಗಿದ್ರೆ ಸರಿ," ಎಂದ ಮೆಲ್ಕ್, ಅವಳ ಮುಖ ನೋಡುತ್ತ. "ಬೆಂಕಿ ಆರಿಸೋರ ಹತ್ರ ಒಂದು ಬ್ಯಾಟರಿ ಮೈಕ್ ಇದೆ. ಬೇಕಾದ್ರೆ ತಂದ್ಕೊಡ್ತೀನಿ. ಸಂತ ವೆಂಡೆಲಿನ್‌ಗೂ ವಯಸ್ಸಾಗಿದೆ, ಪಾಪ, ಅವನಿಗೂ ಅನುಕೂಲ."

ಬಾಲ್ಜ್ ನಗಲಿಲ್ಲ. ಬಟ್ಟಲಿನ ತಳ ನೋಡುತ್ತಲೇ ಹೇಳಿದ: "ಇಲ್ಲಿ ಹುಲ್ಲು ಮುಗೀತು. ನಾಳೆಯಿಂದ ಕಡಸುಗಳನ್ನ ಕೆಂಪುಕೋಡಿನ ತುದಿಯ ಕೆಳಗಿನ ಭುಜಕ್ಕೆ ಬಿಡೋಣ. ಬಿಳಿಗಲ್ಲಿನವರೆಗೂ ಹುಲ್ಲು ಮೊಣಕಾಲೆತ್ತರ ಇದೆ. ರಾತ್ರಿ ಅಲ್ಲೇ ಇರ್ಲಿ."

ಸೆಫಿ ಕಾಫಿಪಾತ್ರೆಯನ್ನು ಒಲೆಯ ಮೇಲಿಟ್ಟಳು. ಬಿಳಿಗಲ್ಲಿನ ಆಚೆ ಸ್ವಲ್ಪ ದೂರದಲ್ಲೇ ಗೆಮ್ಸಿ ಬಿದ್ದ ಕೊರಕಲು. ಈಗ ಕೆಂಪುಕೋಡಿನ ಭುಜವೂ ಆ ಕೊರಕಲಿನ ಹಾಗೆಯೇ ಕೂಗಿನ ಹೊರಗೆ. ಕೇಳಿಸುತ್ತದೆ ಎಂದು ಅವಳು ಹೇಳಿದ ಮಾತನ್ನೇ ನಂಬಿ ಬಾಲ್ಜ್ ಕಡಸುಗಳನ್ನು ಅಲ್ಲಿ ಬಿಡಲು ಹೊರಟಿದ್ದ. ನಿಜ ಹೇಳಿದರೆ ಕಡಸುಗಳು ಉಳಿದವು, ಬಾಲ್ಜ್‌ಗೆ ಆಲಿಕೆ ಎತ್ತುವ ಮನಸ್ಸು ಉಳಿಯಲಿಕ್ಕಿಲ್ಲ. ಆಲಿಕೆ ಬಿಟ್ಟರೆ ಅವನಿಗೆ ಬೇರೆ ಮಾತೇ ಇಲ್ಲ. ಹೇಳದಿದ್ದರೆ ಕಾವಲಿಲ್ಲದ ಹುಲ್ಲಿನಲ್ಲಿ ಕಡಸುಗಳು ಮಲಗಬೇಕು.

ಮರುದಿನ ಬೆಳಿಗ್ಗೆ ಕಡಸುಗಳನ್ನು ಅವಳೇ ಹತ್ತಿಸಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತ ನಡೆದಳು. ಯಾವ ರೀತಿ ಜೋಡಿಸಿದರೂ ಅದು ಬಾಲ್ಜ್‌ನ ಬೆನ್ನಿಗೇ ಹೋಗಿ ತಗಲುತ್ತಿತ್ತು. ಕಡಸುಗಳು ಎತ್ತರದ ಹುಲ್ಲು ಕಂಡು ಕೊರಳಗಂಟೆ ಕುಣಿಸುತ್ತ ಹರಡಿಕೊಂಡವು. ಸಂಜೆ ಹಾಲು ಕರೆದು ಮತ್ತೆ ಹತ್ತಿದಳು. ಅವಳ ಮೊಣಕಾಲು ಈಗ ಮೊದಲಿನಂತಿರಲಿಲ್ಲ. ಏರಿನಲ್ಲಿ ಮೂರು ಕಡೆ ಕೂತೆದ್ದಳು. ಬಿಳಿಗಲ್ಲಿನ ಬಳಿ ಬಂದಾಗ ಕಡಸುಗಳು ಒಂದೊಂದಾಗಿ ಮಲಗುತ್ತಿದ್ದವು. ಒಂದು ಮಾತ್ರ, ಹಣೆಯಲ್ಲಿ ಬಿಳಿಚುಕ್ಕೆ ಇದ್ದದ್ದು, ಕೊರಕಲಿನ ಅಂಚಿನ ಹುಲ್ಲಿಗೆ ಮೂತಿ ಚಾಚಿಕೊಂಡು ನಿಂತಿತ್ತು.

ಕೆಳಗೆ ಬಿಳಿ ಅಂಗಿ ದಿಬ್ಬ ಹತ್ತಿತು.

ಸೆಫಿ ಉಸಿರು ಬಿಗಿಹಿಡಿದಳು. ಅಂಗಿ ತಿರುಗಿತು. ಸದ್ದಿಲ್ಲ. ಅವಳು ಬಿಳಿಗಲ್ಲನ್ನು ಬಿಟ್ಟು ಇಳಿಜಾರಿನಲ್ಲಿ ಕೆಳಗೆ ನಡೆದಳು. ಇನ್ನೂ ಕೆಳಗೆ. ಮೊಣಕಾಲು ಮರೆತು ಬಂಡೆಯಿಂದ ಬಂಡೆಗೆ ಇಳಿದಳು. ಚಾಚಿದ ಒಂದು ಚಪ್ಪಡಿಯ ತುದಿಗೆ ಬಂದಾಗ ಅದು ಕೇಳಿಸಿತು. ಸೋತ ಧ್ವನಿ, ನಡುವೆ ಬಿರುಕು. ಆದರೂ ಪ್ರತಿ ಸಾಲು ಅಪ್ಪನ ಕಾಲದಲ್ಲಿ ಇಳಿಯುತ್ತಿದ್ದ ಜಾಗದಲ್ಲೇ ಇಳಿಯುತ್ತಿತ್ತು. ಅವನು ಸಂತ ವೆಂಡೆಲಿನನ ಹೆಸರಿಗೆ ಬಂದಿದ್ದ.

ಸೆಫಿ ತಿರುಗಿ ನಿಂತಳು. ಅಂಗೈಗಳನ್ನು ಬಾಯಿಯ ಎರಡೂ ಕಡೆ ಹಿಡಿದಳು. ಆ ಬೆಟ್ಟದಲ್ಲಿ ಹೆಂಗಸು ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಹೆಂಗಸು ಕೂಗಬಾರದು ಎಂದು ಯಾರಾದರೂ ಹೇಳಿದ್ದನ್ನೂ ಕೇಳಿರಲಿಲ್ಲ. ಅಷ್ಟನ್ನು ಯೋಚಿಸಲು ಹೊತ್ತೂ ಇರಲಿಲ್ಲ. ಕೆಳಗಿನಿಂದ ಬಂದ ಸಾಲನ್ನು ಹಾಗೆಯೇ ಎತ್ತಿಕೊಂಡು ಮೇಲಕ್ಕೆ ಕೂಗಿದಳು. ಮೊದಲ ಸಾಲು ನಡುಗಿತು. ಎರಡನೆಯದು ಬಂಡೆಗೆ ಹೋಗಿ ಬಡಿಯಿತು. ಮೂರನೆಯದು ಕೆಂಪುಕೋಡಿನ ಭುಜವನ್ನೆಲ್ಲ ತುಂಬಿತು. ಅಂಚಿನಲ್ಲಿದ್ದ ಕಡಸು ತಲೆಯೆತ್ತಿ, ಕಿವಿ ತಿರುಗಿಸಿ, ನಿಧಾನವಾಗಿ ಬಂದು ಉಳಿದವುಗಳ ಪಕ್ಕದಲ್ಲಿ ಮಲಗಿತು. ಆ ಹೊತ್ತಿಗೆ ಅದು ಹೇಗೂ ಮಲಗುವುದೇ ಇರಬಹುದು.

ಮುಗಿಸಿ ತಿರುಗಿ ನೋಡಿದರೆ ದಿಬ್ಬದ ಮೇಲೆ ಬಿಳಿ ಅಂಗಿ ಅಲುಗದೆ ನಿಂತಿತ್ತು. ಆಲಿಕೆ ಕೆಳಗಿಳಿದಿತ್ತು.

ಅವಳು ಬಾಗಿಲಿಗೆ ಬಂದು ಬೂಟಿನ ಮಣ್ಣು ಒದರಿದಾಗ ಒಳಗಿನಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಬಾಣಲೆ ಒಲೆಯ ಅಂಚಿನಲ್ಲಿತ್ತು, ಅವಳ ಪಾಲು ಅದರಲ್ಲಿತ್ತು. ಬಾಲ್ಜ್ ಅಟ್ಟ ಹತ್ತಿ ಮಲಗಿದ್ದ. ಮರುದಿನವೂ ಮಾತಿಲ್ಲ. ಹಾಲಿನ ಪಾತ್ರೆಯನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಡುತ್ತಿದ್ದ. ಆದರೆ ಸಂಜೆಯಾದಾಗ ಆಲಿಕೆ ತೆಗೆದುಕೊಂಡು ಹೋದ. ಸೆಫಿ ಚಪ್ಪಡಿಯ ಮೇಲೆ ನಿಂತು ಮತ್ತೆ ಅವನ ಸಾಲುಗಳನ್ನು ಎತ್ತಿಕೊಂಡಳು. ಹೀಗೆ ಹಲವು ಸಂಜೆ ನಡೆಯಿತು. ಕೆಳಗಿನವನು ಮೇಲಿನವಳ ಜೊತೆ ಮಾತು ಬಿಟ್ಟಿದ್ದ, ಮೇಲಿನವಳು ಕೆಳಗಿನವನ ಮಾತನ್ನು ಒಂದನ್ನೂ ಬಿಡದೆ ಮೇಲಕ್ಕೆ ಸಾಗಿಸುತ್ತಿದ್ದಳು.

ಒಂದು ರಾತ್ರಿ ಊಟದ ನಡುವೆ ಬಾಲ್ಜ್ ಚಮಚ ಕೆಳಗಿಟ್ಟ.

"ನೀನು ಬೇಗ ಶುರು ಮಾಡ್ತೀಯ."

"ಏನು?"

"ವೆಂಡೆಲಿನ್ ಹೆಸರು ಮುಗಿಯೋ ಮೊದಲೇ ನೀನು ಶುರು ಮಾಡ್ತೀಯ. ಅವನ ಹೆಸರು ಪೂರ್ತಿ ಕೆಳಗಿಳೀಲಿ, ಆಮೇಲೆ ಎತ್ಕೋ. ಒಬ್ಬ ಸಂತನ್ನ ಇಬ್ಬರು ಎರಡು ಕಡೆಯಿಂದ ಎಳೆದ ಹಾಗಾಗುತ್ತೆ."

"ಸರಿ," ಎಂದಳು ಸೆಫಿ. ಬಾಣಲೆಯನ್ನು ಅವನ ಕಡೆಗೆ ಸರಿಸಿದಳು. "ಬಾಲ್ಜ್, ನಾನು ನಿಂಗೆ ಸುಳ್ಳು ಹೇಳ್ದೆ."

"ಗೊತ್ತಾಯ್ತು, ನಿನ್ನ ಕೂಗು ಇಲ್ಲಿಗೆ ಕೇಳಿಸ್ದಾಗ." ಅವನು ಮತ್ತೆ ಚಮಚ ಎತ್ತಿಕೊಂಡ, ತಿನ್ನಲಿಲ್ಲ. "ನಾನೂ ಹೇಳ್ಲಿಲ್ಲ ನಿಂಗೆ. ಮುದುಕಿಹಲ್ಲಿಂದ ಮರುದನಿ ಬರೋದು ನಿಂತೋಗಿತ್ತು. ನನ್ನ ಕಿವಿ ಹೋಯ್ತು ಅಂದ್ಕೊಂಡೆ. ನೀನು ಕೇಳಿಸ್ತು ಅಂದಾಗೆಲ್ಲ, ಅಬ್ಬಾ, ಕಿವಿ ಮಾತ್ರ ಹೋಗಿರೋದು ಅಂತ ಸಮಾಧಾನ ಆಗ್ತಿತ್ತು. ದಿನಾ ರಾತ್ರಿ ಕಿವಿಗೆ ಎಣ್ಣೆ ಬಿಟ್ಕೋತಿದ್ದೆ."

ಸೆಫಿ ಅವನನ್ನೇ ನೋಡಿದಳು. ದಿಂಬಿನ ಚೀಲದ ಮೇಲೆ ದಿನಾ ಕಾಣುತ್ತಿದ್ದ ಎಣ್ಣೆಕಲೆ, ಅದನ್ನು ಉಜ್ಜುವಾಗ ಬೈದುಕೊಂಡದ್ದು, ಎಲ್ಲ ನೆನಪಾಯಿತು. ನಗು ತಡೆಯಲಾಗಲಿಲ್ಲ. ಬಾಲ್ಜ್ ಸಿಟ್ಟಿನಿಂದ, "ಅಡುಗೆಮನೆ ಎಣ್ಣೆ ಅಲ್ಲ, ಔಷಧಿ ಅಂಗಡಿಯದ್ದು," ಎಂದ. ಆಮೇಲೆ ಅವನೂ ನಕ್ಕ. ನಕ್ಕದ್ದು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಅವಳು ಅವನ ಬೆನ್ನು ನೀವಿದಳು.

ಕೆಮ್ಮು ನಿಂತ ಮೇಲೆ ಅವನು ಕೇಳಿದ: "ಮೇಲೆ ಹೇಗಿರುತ್ತೆ ಅದು?"

"ಯಾವುದು?"

"ಕೂಗು. ಸಂಜೆ ಹೊತ್ತು ನಾನು ಹುಟ್ಟಿದಾಗಿಂದ ಇಲ್ಲೇ ಕೆಳಗೆ ಇದ್ದೀನಿ. ಮೊದಲು ಅಪ್ಪನ ಪಕ್ಕ ನಿಂತಿರ್ತಿದ್ದೆ, ಆಮೇಲೆ ನಾನೇ ಕೂಗ್ದೆ. ಮೇಲೆ ನಿಂತು ಒಂದು ದಿನಾನೂ ಕೇಳಿಲ್ಲ."

ಇಷ್ಟು ವರ್ಷದಲ್ಲಿ ಅವಳಿಗೆ ಇದು ಹೊಳೆದೇ ಇರಲಿಲ್ಲ. ಬೆಟ್ಟದ ಮೇಲೆ ಎಲ್ಲರಿಗಿಂತ ಹೆಚ್ಚು ದೂರ ಹೋದ ಧ್ವನಿ ಅವನದು, ಅದರ ಹಿಂದೆ ಒಂದು ಸಂಜೆಯೂ ಅವನು ಹೋಗಿರಲಿಲ್ಲ. ಅವಳು ವಿವರಿಸಲು ನೋಡಿದಳು. ನೀರಿನ ಮೇಲೆ ಜಾರಿಕೊಂಡು ಬರುತ್ತದೆ ಎಂದಳು, ಪಕ್ಕದಲ್ಲಿ ಕೂತ ಹಾಗೆ ಎಂದಳು. ಯಾವುದೂ ಸರಿಯಾಗಲಿಲ್ಲ.

"ನಾಳೆ ನೀನು ಕೂಗು," ಎಂದ ಬಾಲ್ಜ್. "ನಾನು ಹೋಗಿ ಕೇಳ್ತೀನಿ."

"ಮೆಲ್ಕ್ ಏನಂತಾನೋ."

"ಅವನಿಗೆ ಮೈಕ್ ಇದೆಯಲ್ಲ, ಅದರಲ್ಲಿ ಹೇಳ್ಲಿ."

ಮರುದಿನ ಬಾಲ್ಜ್ ಹಾಲು ಕರೆದ ಕೂಡಲೇ ಕೋಲು ಹಿಡಿದು ಹೊರಟ. ಯಾವ ಶಿಖರ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಹುಲ್ಲುಬೆನ್ನೇ ಇರಬೇಕು, ಅದಕ್ಕಿಂತ ಹೆಚ್ಚು ಅವನ ಎದೆ ತಡೆಯದು ಎಂದು ಸೆಫಿ ಅಂದುಕೊಂಡಳು. ಆದರೆ ಅವನು ದಡದ ದಾರಿ ಹಿಡಿದು ಅಡ್ಡಗೋಡೆಯ ಏರಿಗೆ ತಿರುಗಿದ್ದನ್ನು ಕೊಟ್ಟಿಗೆಯ ಬಾಗಿಲಿನಿಂದ ನೋಡಿದಳು. ಸ್ವಲ್ಪ ಹತ್ತುವುದು, ಕೋಲಿಗೆ ಗದ್ದ ಊರಿ ನಿಲ್ಲುವುದು, ಮತ್ತೆ ಹತ್ತುವುದು. ಕೊಪ್ಪರಿಗೆ ತೊಳೆಯುವಾಗಲೂ ಅವಳ ಕಣ್ಣು ಅಲ್ಲೇ. ಬಂಡೆಗಳ ನಡುವೆ ಬಿಳಿ ಅಂಗಿ ಮರೆಯಾಯಿತು, ಬಹಳ ಹೊತ್ತಾದ ಮೇಲೆ ಮೇಲುಗಡೆ ಕಂಡಿತು.

ಬಿಸಿಲು ನೀರನ್ನು ಬಿಟ್ಟಿತು. ಸೆಫಿ ಗೂಟದಿಂದ ಆಲಿಕೆ ತೆಗೆದುಕೊಂಡಳು. ಅಪ್ಪನ ಮತ್ತು ಬಾಲ್ಜ್‌ನ ತುಟಿ ತಾಕಿ ತಾಕಿ ಅದರ ಬಾಯಿಯ ಮರ ಕಪ್ಪಾಗಿ ನಯವಾಗಿತ್ತು. ಅದರಿಂದ ಹಾಲಿನ ಹಳೆಯ ಹುಳಿವಾಸನೆ ಬಂತು. ಶಿಲುಬೆಯ ಬಳಿ ನಿಂತು ಮೊದಲ ಬಾರಿಗೆ ಕೆಳಗಿನಿಂದ ಮೇಲೆ ನೋಡಿದಳು. ನಾಲ್ಕು ಶಿಖರಗಳೂ ತಲೆಯ ಮೇಲೆ ಬಗ್ಗಿ ಕಾಯುತ್ತಿರುವಂತಿದ್ದವು. ಎಲ್ಲದರ ಮೇಲೂ ಅವಳಿಗೆ ಗುರುತಿನ ಬಂಡೆಯಿತ್ತು, ಕೂತ ಜಾಗವಿತ್ತು. ಎಲ್ಲಿಗೆ ಕಳಿಸಬೇಕೆಂದು ಅವಳಿಗೆ ಗೊತ್ತಿತ್ತು.

ಕೂಗಿದಳು. ಅವಸರ ಮಾಡಲಿಲ್ಲ. ವೆಂಡೆಲಿನನ ಹೆಸರನ್ನು ಪೂರ್ತಿ ಕೆಳಗಿಳಿಸಿದಳು. ಎಲ್ಲ ಮುಗಿದು ಆಲಿಕೆ ತಗ್ಗಿಸಿದಾಗ, ಸರೋವರದ ಆಚೆಯಿಂದ, ಮುದುಕಿಹಲ್ಲಿನಿಂದ, ಕೊನೆಯ ಪದ ತಿರುಗಿ ಬಂತು. ಎದುರು ದಡದಲ್ಲಿ ಮೆಲ್ಕ್ ಮನೆಯ ಮುಂದೆ ಟೋಪಿ ತೆಗೆದು ನಿಂತದ್ದು ಕಾಣಿಸಿತು.

ಬಾಲ್ಜ್ ಇಳಿದು ಬರುವಷ್ಟರಲ್ಲಿ ಅವಳು ಬಾಣಲೆಯನ್ನು ಒಲೆಗಿಟ್ಟು ಎರಡು ಸಲ ಬಿಸಿ ಮಾಡಿದ್ದಳು. ಬಾಗಿಲಲ್ಲಿ ಬೂಟಿನ ಮಣ್ಣು ಒದರುವ ಸದ್ದಾಯಿತು. ಅವಳು ಒಲೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಇಷ್ಟು ವರ್ಷ ಆ ಜಾಗದಲ್ಲಿ ಕೂತು ಆ ಮಾತು ಕೇಳಲು ಬಾಲ್ಜ್‌ಗೆ ಎಷ್ಟು ಧೈರ್ಯ ಬೇಕಾಗುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು.

"ಕೇಳಿಸ್ತಾ?" ಎಂದಳು.

ಬಾಲ್ಜ್ ಕೋಲನ್ನು ಗೋಡೆಗೆ ಒರಗಿಸಿದ. ಬೆಂಚಿನ ಮೇಲೆ ಕೂತು, ಉಸಿರು ಕೂಡಿಸಿಕೊಂಡು, ಅಂಗೈಗಳನ್ನು ನೋಡಿಕೊಂಡ. ಅಂಗೈಯಲ್ಲಿ ಮಣ್ಣಿತ್ತು, ಒಂದು ಬೆರಳ ಚರ್ಮ ಕಿತ್ತಿತ್ತು.

"ನಿನ್ನ ಬಿಳಿಗಲ್ಲು ಸರಿಯಾದ ಜಾಗದಲ್ಲಿರಲಿಲ್ಲ," ಎಂದ. "ಅದನ್ನ ಕಿತ್ತು, ನಿನ್ನ ಕೂಗು ಮುಟ್ಟೋವರೆಗೂ ಆಚೆಗೆ ಇಟ್ಟು ಬಂದಿದ್ದೀನಿ."